ಗೋಡೆ ಹೊಲಿದರು, ಕಷ್ಟ ಕೇಳಲಿಲ್ಲ

ಕಕ್ಕಸಿಗೆ ಕುಳಿತಾಗ ಯೋನಿಯ ಹಿಂಗೋಡೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಹೊಟ್ಟೆ ಖಾಲಿಯಾಗುವ ಹೆಂಗಸರಿದ್ದಾರೆ. ಗಂಡನಿಗೆ ಹೇಳಿರುವುದಿಲ್ಲ, ಒಡಹುಟ್ಟಿದ ಅಕ್ಕನಿಗೂ ಹೇಳಿರುವುದಿಲ್ಲ. ಡಾಕ್ಟರ ಮುಂದೆ ಕುಳಿತಾಗ ‘ಮಲಬದ್ಧತೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇಸಬ್‌ಗೋಲ್ ಬರೆದುಕೊಟ್ಟು ಡಾಕ್ಟರೂ ಮುಗಿಸುತ್ತಾರೆ.

ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಜೋಳಿಗೆಯಂತೆ ಹೊತ್ತಿರುವುದು ಪೆಲ್ವಿಕ್ ಫ್ಲೋರ್ ಎಂಬ ಸ್ನಾಯುಗಳ ಹಾಸು. ಹೆರಿಗೆಯಲ್ಲಿ ಅದು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಗುದನಾಳಕ್ಕೂ ಯೋನಿಗೂ ನಡುವಿನ ಗೋಡೆ ಸಡಿಲವಾದರೆ ಅಲ್ಲೊಂದು ಚೀಲ ಉಬ್ಬುತ್ತದೆ. ವೈದ್ಯರು ಇದಕ್ಕೆ ರೆಕ್ಟೋಸೀಲ್ ಎನ್ನುತ್ತಾರೆ. ಮುಕ್ಕಿದಾಗ ಮಲ ಕೆಳಗಿಳಿಯುವ ಬದಲು ಆ ಚೀಲಕ್ಕೆ ನುಗ್ಗುತ್ತದೆ. ಬೆರಳು ಒತ್ತುವುದು ಆ ಚೀಲವನ್ನೇ. ಶರೀರಶಾಸ್ತ್ರ ಓದದ ಹೆಂಗಸು ತಾನಾಗಿಯೇ ಕಂಡುಕೊಂಡ ಉಪಾಯವಿದು.

ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರಿಗೆ ಕಂಡದ್ದು ಈ ಹಾಸು ಸಡಿಲಗೊಂಡು ಯೋನಿಯಿಂದ ಹೊರಗೆ ಜಾರಿ ಬಂದದ್ದು ಮಾತ್ರ. 1877ರಲ್ಲಿ ಪ್ಯಾರಿಸ್ಸಿನ ಲಿಯೋನ್ ಲ ಫೋರ್ ಯೋನಿಯ ಮುಂಗೋಡೆಯನ್ನೂ ಹಿಂಗೋಡೆಯನ್ನೂ ಒಂದಕ್ಕೊಂದು ಸೇರಿಸಿ ಹೊಲಿದ. ದಾಂಪತ್ಯ ಸಂಬಂಧ ಬೇಡವೆನ್ನುವ ವಯಸ್ಸಾದವರಿಗೆ ಇಂದಿಗೂ ಆ ವಿಧಾನ ಬಳಕೆಯಲ್ಲಿದೆ. 1888ರಲ್ಲಿ ಮ್ಯಾಂಚೆಸ್ಟರಿನ ಆರ್ಚಿಬಾಲ್ಡ್ ಡೊನಾಲ್ಡ್ ಗರ್ಭಕೋಶ ಉಳಿಸಿಕೊಂಡೇ ಜಾರುವಿಕೆ ಸರಿಪಡಿಸುವ ದಾರಿ ತೋರಿದ. ಹಿಂಗೋಡೆಗೆ ಇದ್ದ ಮದ್ದು ಒಂದೇ: ಎರಡು ಬದಿಯ ಸ್ನಾಯುಗಳನ್ನು ನಡುವೆ ಎಳೆದು ಬಿಗಿಯಾಗಿ ಹೊಲಿಯುವುದು. ಉಬ್ಬು ಹೋದರೆ ಆಪರೇಷನ್ ಗೆದ್ದ ಹಾಗೆ.

ಗೆದ್ದದ್ದು ಯಾರು ಎಂಬ ಪ್ರಶ್ನೆ ಬಹಳ ತಡವಾಗಿ ಬಂತು. 1997ರಲ್ಲಿ ಕಾನ್ ಮತ್ತು ಸ್ಟಾಂಟನ್ ಎಂಬ ಇಬ್ಬರು ವೈದ್ಯರು ಹೀಗೆ ಹೊಲಿಸಿಕೊಂಡ ಹೆಂಗಸರನ್ನು ವಿಚಾರಿಸಿ ಬರೆದರು. ಮಲಬದ್ಧತೆ ಆಪರೇಷನ್ನಿಗೆ ಮುಂಚೆ ಶೇ. 22 ಮಂದಿಗಿತ್ತು, ಆಮೇಲೆ ಶೇ. 33 ಮಂದಿಗೆ. ಪೂರ್ತಿ ಖಾಲಿಯಾಗದ ತೊಂದರೆ ಶೇ. 27ರಿಂದ 38ಕ್ಕೆ, ದಾಂಪತ್ಯದ ತೊಂದರೆ ಶೇ. 18ರಿಂದ 27ಕ್ಕೆ ಏರಿತ್ತು. ನೋಡುವುದಕ್ಕೆ ಗೋಡೆ ಚೆನ್ನಾಗಿತ್ತು.

ಗುದನಾಳವೇ ಹೊರಗೆ ಜಾರುವವರ ಕತೆಯೂ ಬೇರೆಯಲ್ಲ. 1891ರಲ್ಲಿ ಜರ್ಮನಿಯ ಟೀರ್ಶ್ ಗುದದ್ವಾರದ ಸುತ್ತ ಬೆಳ್ಳಿಯ ತಂತಿ ಹಾಕಿದ. 1900ರಲ್ಲಿ ಫ್ರಾನ್ಸಿನ ಡೆಲಾರ್ಮ್ ಜಾರಿದ ಭಾಗದ ಒಳಪೊರೆ ಸುಲಿದು ಸ್ನಾಯುವನ್ನು ನೆರಿಗೆ ಹಿಡಿದಂತೆ ಹೊಲಿದ. 1950ರ ದಶಕದಲ್ಲಿ ರಿಪ್‌ಸ್ಟೈನ್, ವೆಲ್ಸ್ ಮುಂತಾದವರು ಹೊಟ್ಟೆಯ ಮೂಲಕ ಹೋಗಿ ಗುದನಾಳವನ್ನು ಬೆನ್ನಿನ ಮೂಳೆಗೆ ಕಟ್ಟಿದರು. ಜಾರುವುದು ನಿಂತಿತು, ಆದರೆ ಹಲವರಿಗೆ ಹೊಸದಾಗಿ ಮಲಬದ್ಧತೆ ಅಂಟಿಕೊಂಡಿತು. ಗುದನಾಳವನ್ನು ಸುತ್ತಲೂ ಬಿಡಿಸುವಾಗ ಬದಿಯ ನರಗಳಿಗೆ ಪೆಟ್ಟಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು ಆಮೇಲೆ ಹೊಳೆಯಿತು. ಬೆಲ್ಜಿಯಮ್ಮಿನ ಲ್ಯೂವೆನ್‌ನ ಆಂದ್ರೆ ದೋರ್ ಹಿಂದೆ, ಪಕ್ಕದಲ್ಲಿ ಕೈ ಹಾಕದೆ, ಮುಂಭಾಗಕ್ಕಷ್ಟೇ ಬಲೆಪಟ್ಟಿ ಹೊಲಿದು ಮೇಲೆತ್ತುವ ಲ್ಯಾಪರೋಸ್ಕೋಪಿ ವಿಧಾನವನ್ನು 2004ರಲ್ಲಿ ಪ್ರಕಟಿಸಿದ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ವಿವೇಕದ್ದೆನಿಸುವ ತಿರುವು ಇದು. ಏನು ಮಾಡಬೇಕು ಎಂಬುದಕ್ಕಿಂತ ಎಲ್ಲಿ ಕೈ ಹಾಕಬಾರದು ಎಂಬ ಅರಿವಿನಿಂದ ಹುಟ್ಟಿದ ಶಸ್ತ್ರಚಿಕಿತ್ಸೆ.

ಈ ನಡುವೆ ಎಕ್ಸ್‌ರೇ ಹೊಸ ಕಣ್ಣು ಕೊಟ್ಟಿತ್ತು. 1968ರಲ್ಲಿ ಬ್ರೊಡೆನ್, ಸ್ನೆಲ್‌ಮನ್ ಎಂಬ ಇಬ್ಬರು ಎಕ್ಸ್‌ರೇ ಚಲನಚಿತ್ರ ತೆಗೆದು, ಗುದನಾಳ ಮೊದಲು ಕಾಲುಚೀಲದಂತೆ ತನ್ನೊಳಗೇ ಮಡಿಚಿ ಆಮೇಲೆ ಜಾರುತ್ತದೆಂದು ತೋರಿಸಿದರು. ಮುಂದೆ ಗಂಜಿಯಷ್ಟು ಗಟ್ಟಿಯಾದ ಬೇರಿಯಂ ತುಂಬಿ, ಎಕ್ಸ್‌ರೇ ಯಂತ್ರದ ಮುಂದೆ ಕಮೋಡಿನಲ್ಲಿ ಕೂರಿಸಿ ವಿಸರ್ಜನೆಯನ್ನೇ ಚಿತ್ರೀಕರಿಸುವ ಪರೀಕ್ಷೆ ರೂಢಿಗೆ ಬಂತು. ಮುಜುಗರದ ಪರೀಕ್ಷೆಯೇ, ಆದರೆ ಉಪಯುಕ್ತ. ಅಪಾಯವೂ ಅಲ್ಲೇ ಇತ್ತು. 1989ರಲ್ಲಿ ಶಾರ್ವನ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಇದೇ ಪರೀಕ್ಷೆ ಮಾಡಿದಾಗ 21 ಹೆಂಗಸರಲ್ಲಿ 17 ಮಂದಿಗೆ ರೆಕ್ಟೋಸೀಲ್ ಕಂಡಿತು! ಚಿತ್ರದಲ್ಲಿ ಉಬ್ಬಿದೆ ಎಂಬ ಒಂದೇ ಕಾರಣಕ್ಕೆ ಕತ್ತರಿ ಹಿಡಿಯುವಂತಿಲ್ಲ. ಅದಕ್ಕೂ ಮೊದಲು, 1985ರಲ್ಲಿ, ಲಂಡನ್ನಿನ ಪ್ರೆಸ್ಟನ್, ಲೆನಾರ್ಡ್-ಜೋನ್ಸ್ ಇನ್ನೊಂದು ಸತ್ಯ ಹೇಳಿದ್ದರು. ಕೆಲವರಲ್ಲಿ ಸಡಿಲವಾಗಬೇಕಾದ ಸ್ನಾಯು ಮುಕ್ಕಿದಾಗ ಬಿಗಿಯುತ್ತದೆ. ಬಾಗಿಲಿಗೆ ಒಳಗಿನಿಂದಲೇ ಚಿಲಕ ಬಿದ್ದಿರುವಾಗ ಗೋಡೆ ರಿಪೇರಿ ಮಾಡಿ ಫಲವಿಲ್ಲ. ಅಂಥವರಿಗೆ ಬೇಕಾದದ್ದು ಸ್ನಾಯು ಸಡಿಲಿಸುವ ತರಬೇತಿ, ಬಯೋಫೀಡ್‌ಬ್ಯಾಕ್.

ಇಷ್ಟು ಗೊತ್ತಿದ್ದೂ ಯಂತ್ರದ ಮೋಹ ಬಿಡಲಿಲ್ಲ. ಮೂಲವ್ಯಾಧಿಯ ಸ್ಟೇಪ್ಲರ್‌ಗೆ ಹೆಸರಾದ ಇಟಲಿಯ ಆಂಟೋನಿಯೋ ಲಾಂಗೊ, ಅದೇ ಬಗೆಯ ಯಂತ್ರದಿಂದ ಗುದನಾಳದ ಹೆಚ್ಚುವರಿ ಮಡಿಕೆ ಕತ್ತರಿಸಿ ಪಿನ್ ಹೊಡೆಯುವ ‘ಸ್ಟಾರ್’ ವಿಧಾನ ತಂದ. 2000ದ ದಶಕದಲ್ಲಿ ಯೂರೋಪಿನಲ್ಲಿ ಅದರ ಹವಾ ಜೋರಾಗಿತ್ತು. ಕೆಲವರಿಗೆ ನಿಜಕ್ಕೂ ಸುಖವಾಯಿತು. ಇನ್ನು ಕೆಲವರಿಗೆ ತಡೆಯಲಾರದ ಅವಸರ, ರಕ್ತಸ್ರಾವ, ಅಪರೂಪಕ್ಕೆ ಯೋನಿಗೂ ಗುದನಾಳಕ್ಕೂ ನಡುವೆ ತೂತು. ಉತ್ಸಾಹ ಇಳಿಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮೆಶ್. ಹರ್ನಿಯಾಕ್ಕೆ ಒಗ್ಗಿದ ಪ್ಲಾಸ್ಟಿಕ್ ಬಲೆ ಯೋನಿಗೂ ಒಗ್ಗುತ್ತದೆಂಬ ಅಂದಾಜಿನ ಮೇಲೆ ಅದನ್ನು ಯೋನಿಯ ಮೂಲಕ ಕೂರಿಸಿದರು. ಬಲೆ ಗೋಡೆ ಕೊರೆದು ಹೊರಬಂತು, ನೋವು ತಂದಿತು. ಅಮೆರಿಕದ ಎಫ್‌ಡಿಎ 2008ರಲ್ಲಿ, 2011ರಲ್ಲಿ ಎಚ್ಚರಿಸಿ, 2019ರ ಏಪ್ರಿಲ್‌ನಲ್ಲಿ ಜಾರುವಿಕೆಗೆಂದು ಯೋನಿಯ ಮೂಲಕ ಹಾಕುವ ಮೆಶ್ ಮಾರಾಟವನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2020ರ ಕಂಬರ್‌ಲೆಜ್ ವರದಿ ಹೆಂಗಸರ ದೂರನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ದಾಖಲಿಸಿತು. ಹೊಟ್ಟೆಯ ಮೂಲಕ ಹಾಕುವ ಬಲೆಗೆ ಅಮೆರಿಕದ ಆ ಆದೇಶ ಅನ್ವಯಿಸದು.

ನಮ್ಮ ಕಡೆಯ ಯೋಚನೆ ಬೇರೆ ದಿಕ್ಕಿನಿಂದ ಹೊರಟಿತ್ತು. ಇಲ್ಲಿ ಗರ್ಭಕೋಶ ಜಾರಿ ಬರುತ್ತಿದ್ದವರಲ್ಲಿ ಇನ್ನೂ ಮಕ್ಕಳಾಗಬೇಕಾದ ಎಳೆಯ ಹೆಂಗಸರೂ ಇದ್ದರು. ಮುಂಬಯಿಯ ವಿ. ಎನ್. ಶಿರೋಡ್ಕರ್, ಪುರಂದರೆ ಗರ್ಭಕೋಶ ತೆಗೆಯದೆ ಪಟ್ಟಿ ಕಟ್ಟಿ ಎತ್ತಿ ನಿಲ್ಲಿಸುವ ವಿಧಾನ ರೂಪಿಸಿದರು. ಪುರಂದರೆ ಬಳಸಿದ್ದು ರೋಗಿಯ ಹೊಟ್ಟೆಯ ಗೋಡೆಯಿಂದಲೇ ಬಿಡಿಸಿದ ಪೊರೆಯ ಪಟ್ಟಿಯನ್ನು. ಆದರೆ ಅವರ ಗಮನವೂ ಗರ್ಭಕೋಶದ ಮೇಲಿತ್ತು. ಗುದನಾಳ ಬೇರೆ ಡಿಪಾರ್ಟ್‌ಮೆಂಟಿನ ಪಾಲು. ಮೂತ್ರಕ್ಕೊಬ್ಬರು, ಗರ್ಭಕೋಶಕ್ಕೊಬ್ಬರು, ಮಲಕ್ಕೊಬ್ಬರು ಎಂದು ಒಂದೇ ಜೋಳಿಗೆಯನ್ನು ಮೂವರು ಹಂಚಿಕೊಂಡದ್ದು ಎಲ್ಲ ದೇಶಗಳಲ್ಲೂ ನಡೆದದ್ದೇ. ಮೂವರೂ ಒಟ್ಟಿಗೆ ಕೂತು ಒಬ್ಬಳನ್ನು ನೋಡುವ ಕ್ಲಿನಿಕ್ಕುಗಳು ಈಚಿನವು.

ಕಷ್ಟ ಕೇಳುವ ಪ್ರಯತ್ನವೂ ನಡೆದಿದೆ. 1996ರಲ್ಲಿ ಅಮೆರಿಕದ ಫ್ಲೋರಿಡಾದ ವೈದ್ಯರು ಮಲಬದ್ಧತೆಯನ್ನು ಅಳೆಯಲು ಎಂಟು ಪ್ರಶ್ನೆಗಳ ಪಟ್ಟಿ ಮಾಡಿದರು, ಒಟ್ಟು 30 ಅಂಕ. ಅದರಲ್ಲಿ ‘ಸಹಾಯ’ ಎಂಬ ಒಂದು ಸಾಲಿದೆ. ಏನೂ ಬೇಡವೆಂದರೆ ಸೊನ್ನೆ, ಭೇದಿ ಮಾತ್ರೆಗೆ ಒಂದು, ಬೆರಳು ಅಥವಾ ಎನಿಮಾಕ್ಕೆ ಎರಡು.