ಘಟ್ಟದ ಮೇಲೆ, ಘಟ್ಟದ ಕೆಳಗೆ

ಧರ್ಮಸ್ಥಳದ ರಾತ್ರಿ ಬಸ್ಸಿನಲ್ಲಿ ಅರೆನಿದ್ದೆಯ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಘಾಟಿ ಬಂತಾ?’ ನಿಂಬೆಹಣ್ಣು ಹುಡುಕಬೇಕಾದವರಿಗೆ, ಮಗುವಿನ ತಲೆಯನ್ನು ಮಡಿಲಿಗೆ ಎಳೆದುಕೊಳ್ಳಬೇಕಾದವರಿಗೆ ಅಷ್ಟು ಗೊತ್ತಾದರೆ ಸಾಕು. ಯಾವ ಬೆಟ್ಟ, ಎಷ್ಟು ಎತ್ತರ ಎಂದು ಯಾರೂ ವಿಚಾರಿಸುವುದಿಲ್ಲ. ಘಾಟಿ ಎಂದರೆ ಬೆಟ್ಟವಲ್ಲ, ಬೆಟ್ಟ ದಾಟುವ ದಾರಿ.

ಈ ಪದ ಹುಟ್ಟಿದ್ದು ಮಾತ್ರ ನೀರಿನ ದಡದಲ್ಲಿ. ಸಂಸ್ಕೃತದ ‘ಘಟ್ಟ’ ಹೊಳೆಗೆ ಇಳಿಯುವ ಜಾಗ, ಮೆಟ್ಟಿಲುಗಳ ಸಾಲು. ಕಾಶಿಯ ಘಾಟುಗಳೂ ನಮ್ಮ ಸ್ನಾನಘಟ್ಟಗಳೂ ಆ ಅರ್ಥವನ್ನು ಇನ್ನೂ ಬಿಟ್ಟಿಲ್ಲ. ಚಾರ್ಮಾಡಿ ಘಟ್ಟ ಇಳಿದ ಯಾತ್ರಿಕ ನೇತ್ರಾವತಿಯ ಸ್ನಾನಘಟ್ಟದಲ್ಲಿ ಮತ್ತೆ ನಾಲ್ಕು ಮೆಟ್ಟಿಲು ಇಳಿಯುತ್ತಾನೆ. ಅಲ್ಲೂ ಘಟ್ಟ, ಇಲ್ಲೂ ಘಟ್ಟ.

ಹಡಗಿನಲ್ಲಿ ಬಂದ ಯುರೋಪಿನವರು ಕರಾವಳಿಯ ಜನ ಬೆಟ್ಟ ಹತ್ತುವ ದಾರಿಗಳನ್ನು ಘಾಟು, ಘಟ್ಟ ಎನ್ನುವುದನ್ನು ಕೇಳಿಸಿಕೊಂಡರು. ಬರುಬರುತ್ತಾ ಇಡೀ ಬೆಟ್ಟಸಾಲಿಗೇ ಅದನ್ನು ಅಂಟಿಸಿಬಿಟ್ಟರು. ಬಾಗಿಲಿನ ಹೆಸರನ್ನು ಗೋಡೆಗೆ ಇಟ್ಟ ಹಾಗಾಯಿತು. ಸಹ್ಯಾದ್ರಿ ‘ವೆಸ್ಟರ್ನ್ ಘಾಟ್ಸ್’ ಆಯಿತು. ನಾವು ಅದನ್ನೇ ಮರಳಿ ಕನ್ನಡಕ್ಕೆ ತಂದು ಪಶ್ಚಿಮ ಘಟ್ಟ ಎಂದೆವು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಅದೇ ಹೆಸರಿನಲ್ಲಿ. ಸುಮಾರು 1,600 ಕಿಲೋಮೀಟರ್ ಉದ್ದದ ಬೆಟ್ಟಸಾಲಿಗೆ ಅದನ್ನು ದಾಟಿದವರ ಮಾತೇ ಹೆಸರಾಗಿ ನಿಂತಿದೆ.

ದಾಟುವ ದಾರಿ ಎಂದ ಮೇಲೆ ಎರಡು ಕಡೆ ಇರಬೇಕಲ್ಲ. ಉತ್ತರ ಕನ್ನಡದಲ್ಲಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಘಟ್ಟದ ಮೇಲೆ. ಕುಮಟಾ, ಹೊನ್ನಾವರ, ಅಂಕೋಲಾ ಘಟ್ಟದ ಕೆಳಗೆ. ಜಿಲ್ಲೆ ಒಂದೇ ಆದರೂ ಹೆಣ್ಣು-ಗಂಡಿನ ಮಾತುಕತೆಯಲ್ಲಿ ‘ಅವರು ಘಟ್ಟದ ಕೆಳಗಿನವರು’ ಎಂದರೆ ಊಟ, ಮಾತು, ಸೆಕೆ ಎಲ್ಲದರ ಸುದ್ದಿಯೂ ಬಂದಂತೆ. ದಕ್ಷಿಣದ ಕರಾವಳಿಯಲ್ಲಿ ‘ಮಗ ಘಟ್ಟಕ್ಕೆ ಹೋಗಿದ್ದಾನೆ’ ಎಂದರೆ ಅವನು ಕಾಫಿ ತೋಟಕ್ಕೋ ದೂರದ ಪೇಟೆಯ ಹೋಟೆಲಿಗೋ ದುಡಿಯಲು ಹೋಗಿದ್ದಾನೆಂದು ತಿಳಿಯಬೇಕು. ಅದೇ ಪದ ಗೋವಾಕ್ಕೆ ಹೋಗಿ ‘ಘಾಂಟಿ’ಯಾದಾಗ ಘಟ್ಟ ಇಳಿದು ಬಂದ ನಮ್ಮ ಕೂಲಿಯವರ ಮೇಲೆ ಎಸೆಯುವ ಬೈಗುಳ. ಮುಂಬಯಿಯಲ್ಲಿ ‘ಘಾಟಿ’ ಎಂದು ಹಂಗಿಸುವುದು ದಖ್ಖನ್ನಿನ ಮರಾಠಿಗರನ್ನು. ನಮ್ಮ ಬಯಲುಸೀಮೆಯಲ್ಲಿ ‘ಆಕೆ ಭಾರಿ ಘಾಟಿ’ ಎಂದರೆ ಬೈಗುಳ ಅರ್ಧ, ಮೆಚ್ಚುಗೆ ಅರ್ಧ: ಸುಲಭಕ್ಕೆ ಬಗ್ಗದವಳು, ಯಾವ ತಿರುವಿನಲ್ಲೂ ಸಿಕ್ಕಿಬೀಳದವಳು.

ಹಿಂದಿಗೆ ಹೋದರೆ ಪದ ತಲೆಕೆಳಗಾಗುತ್ತದೆ. ಅಲ್ಲಿ ‘ಘಾಟಿ’ ಎಂದರೆ ತಗ್ಗು; ಕಾಶ್ಮೀರದ ‘ಘಾಟಿ’ಯಲ್ಲಿ ಹತ್ತುವುದಕ್ಕೇನಿಲ್ಲ, ಹತ್ತಿ ಇಳಿದ ಮೇಲೆ ಸಿಗುವುದೇ ಅದು. ಇದನ್ನು ನೋಡಿ ನಗುವಂತಿಲ್ಲ, ನಮ್ಮ ‘ಕಣಿವೆ’ಯೂ ಹಾಗೆಯೇ ಎರಡು ಕೆಲಸ ಮಾಡುತ್ತಿದೆ. ಕಾವೇರಿ ಕಣಿವೆ ಎಂದರೆ ನದಿಯ ತಗ್ಗು, ಶಾಲೆಯಲ್ಲಿ ಓದಿದ ಖೈಬರ್ ಕಣಿವೆ ಎಂದರೆ ಬೆಟ್ಟದ ಸಂದು. ವೇದಾವತಿ ಗುಡ್ಡಗಳ ನಡುವೆ ನುಸುಳುವ ಸಂದಿನಲ್ಲಿ ಕಟ್ಟಿದ ವಾಣಿವಿಲಾಸ ಸಾಗರವನ್ನು ಹಿರಿಯೂರಿನವರು ಇಂದಿಗೂ ಮಾರಿಕಣಿವೆ ಎನ್ನುತ್ತಾರೆ. ಮಾರಮ್ಮ ಅಲ್ಲಿರುವುದು ಆಕಸ್ಮಿಕವಲ್ಲ. ದಾಟುವ ಜಾಗವೆಂದರೆ ಭಯದ ಜಾಗ, ಭಯದ ಜಾಗಕ್ಕೊಬ್ಬರು ದೇವರು ಬೇಕು. ಹುಲಿಕಲ್ಲಿನಲ್ಲಿ ಚಂಡಿಕಾಂಬೆ, ಚಾರ್ಮಾಡಿಯಲ್ಲಿ ಅಣ್ಣಪ್ಪ. ಲಡಾಖಿನಲ್ಲಿ ಬಣ್ಣದ ಪ್ರಾರ್ಥನಾ ಪತಾಕೆ. ಅಲ್ಲಿನ ‘ಲಾ’ ಎಂಬ ಒಂದಕ್ಷರಕ್ಕೇ ಕಣಿವೆದಾರಿ ಎಂಬ ಅರ್ಥವಿದೆ. ಬೆಂಗಳೂರಿನಿಂದ ಬುಲೆಟ್ ಏರಿ ಹೋದವರು ‘ಖರ್ದುಂಗ್ ಲಾ ಪಾಸ್’ ಎನ್ನುವಾಗ ಒಂದೇ ಘಾಟಿಯನ್ನು ಎರಡು ಸಲ ಹತ್ತುತ್ತಾರೆ. 19,024 ಅಡಿಯ ಉಮ್ಲಿಂಗ್ ಲಾ ಮೇಲೆ ಫೋಟೊ ತೆಗೆಸಿಕೊಂಡವರಲ್ಲಿ ಅದರಾಚೆಗೆ ಯಾವ ಊರಿದೆ ಎಂದು ಕೇಳಿದವರು ಕಡಿಮೆ.

ನನ್ನ ತಕರಾರು ಇರುವುದೂ ಇಲ್ಲೇ. ಬೈಕು ಬಂದ ಮೇಲೆ ಘಾಟಿಯೇ ತಲುಪುವ ಜಾಗವಾಗಿಬಿಟ್ಟಿದೆ. ಆಗುಂಬೆಗೆ ಬರುವುದು, ಸೂರ್ಯಾಸ್ತದ ಕಟ್ಟೆಯಲ್ಲಿ ನಿಲ್ಲುವುದು, ಬಂದ ದಾರಿಯಲ್ಲೇ ವಾಪಸಾಗುವುದು. 14 ಹೇರ್‌ಪಿನ್ ತಿರುವುಗಳು ಶುರುವಾಗುವುದೇ ಅಲ್ಲಿಂದ ಕೆಳಕ್ಕೆ. ಸೋಮೇಶ್ವರದವರೆಗೆ ಇಳಿದರೆ ಮೈಗೆ ತಾಗುವ ಗಾಳಿಯೇ ಬೇರೆ. ಮೇಲೆ ಜಾಕೆಟ್ಟಿನ ಜಿಪ್ ಎಳೆದುಕೊಂಡಿದ್ದವನು ಕೆಳಗೆ ಅದನ್ನು ಕಳಚಿ ಟ್ಯಾಂಕಿನ ಮೇಲೆ ಇಟ್ಟುಕೊಳ್ಳುತ್ತಾನೆ. ಹಳೇ ಡ್ರೈವರುಗಳ ಎರಡು ಮಾತು ಬೈಕಿನವರಿಗೂ ಸಲ್ಲುತ್ತವೆ: ಹತ್ತಿದ ಗೇರಿನಲ್ಲೇ ಇಳಿ, ಹತ್ತುವ ಗಾಡಿಗೆ ದಾರಿ ಬಿಡು. ಎರಡನೆಯದು ಕಾನೂನಿನಲ್ಲೂ ಇದೆ.

ಸೈಕಲ್ಲಿನವರಿಗೆ ಪ್ರತಿ ತಿರುವೂ ಪಾಠ. ಒಳಅಂಚು ಕಡಿದು, ಹೊರಅಂಚು ತುಸು ಸಪಾಟು. ಎದುರಿನ ಬಸ್ಸು ಬಿಟ್ಟುಕೊಟ್ಟರೆ ಹೊರಗಿನಿಂದ ಸುತ್ತಿ ಉಸಿರು ಉಳಿಸಿಕೊಳ್ಳಬಹುದು. ನಡೆಯುವವರಿಗೆ ಹತ್ತುವಾಗ ಉಸಿರಿನ ಲೆಕ್ಕ, ಇಳಿಯುವಾಗ ಮಂಡಿಯ ಲೆಕ್ಕ. ಶಿವರಾತ್ರಿಗೆ ಮುಂಚೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಧರ್ಮಸ್ಥಳದ ಪಾದಯಾತ್ರಿಗಳನ್ನು ಕೇಳಿ ನೋಡಿ. ಬಯಲಿನಲ್ಲಿ ದಿನಗಟ್ಟಲೆ ನಡೆದವರ ಕಾಲು ನೋಯತೊಡಗುವುದು ಈ ಇಳಿಜಾರಿನಲ್ಲಿ. ಅವರಿಗಿಂತ ಮುಂಚೆ ಹೇರೆತ್ತುಗಳು ಘಟ್ಟ ದಾಟಿದ್ದವು: ಉಪ್ಪು, ಒಣಮೀನು ಮೇಲಕ್ಕೆ, ಅಕ್ಕಿ, ಅಡಿಕೆ, ಮೆಣಸು ಕೆಳಕ್ಕೆ. ಎತ್ತು ಹಿಡಿದ ದಾರಿಯಲ್ಲಿ ‘ವ್ಯೂ ಪಾಯಿಂಟ್’ ಇರಲಿಲ್ಲ. ನೀರು, ನೆರಳು, ಸುಂಕದ ಕಟ್ಟೆ ಇದ್ದವು.

ಬೆಟ್ಟವೂ ಆಗಾಗ ತನ್ನ ಮಾತು ಹೇಳುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ದಾರಿ, ಮರುವರ್ಷ ಅದೇ ತಿಂಗಳಲ್ಲಿ ಚಾರ್ಮಾಡಿ ಭೂಕುಸಿತಕ್ಕೆ ಸಿಕ್ಕಿ ಮುಚ್ಚಿದವು. ಬೆಟ್ಟದ ಮಗ್ಗುಲು ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ಕೊಡಗು, ಮಲೆನಾಡಿನಲ್ಲಿ ‘ಬರೆ’ ಎನ್ನುತ್ತಾರೆ. ರಸ್ತೆ ಅಗಲವಾದಷ್ಟೂ ಬರೆ ಎತ್ತರ, ಬರೆ ಎತ್ತರವಾದಷ್ಟೂ ಮಳೆಗೆ ಕುಸಿಯುವ ಭಯ. ಇದಕ್ಕೆ ಉತ್ತರವಾಗಿ ಶಿರಾಡಿಗೆ ಸುರಂಗ ಬೇಕೆಂಬ ಮಾತು ವರ್ಷಗಳಿಂದಲೂ ಇದೆ. ಹಿಮಾಚಲದ ರೋಹ್ತಾಂಗ್ ಕಣಿವೆದಾರಿಯಡಿ 2020ರಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ ಅದೇ ಕೆಲಸ ಮಾಡಿದೆ. ಹಿಮಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಕಡಿದುಹೋಗುತ್ತಿದ್ದ ಲಾಹೌಲಿನ ರೋಗಿಗೆ, ಗರ್ಭಿಣಿಗೆ ಅದು ದೊಡ್ಡ ಉಪಕಾರ. ಆದರೆ ಸುರಂಗವಾದ ಮೇಲೆ ರೋಹ್ತಾಂಗಿನ ತುದಿ ನೋಡುವವರ ಪಾಲಾಯಿತು, ದಾಟುವವರು ಅಡಿಯಲ್ಲೇ ಹೋದರು.

ಪತ್ರಿಕೆಗಳಲ್ಲಿ ಚುನಾವಣೆ, ಕ್ರಿಕೆಟ್, ಕೋರ್ಟಿನ ಕೇಸು ಎಲ್ಲವೂ ‘ನಿರ್ಣಾಯಕ ಘಟ್ಟ’ ತಲುಪುತ್ತವೆ. ಅಲ್ಲಿಯೇ ಉಳಿದುಬಿಟ್ಟರೆ ಓದುಗರು ಬೈಯುತ್ತಾರೆ, ಏಕೆಂದರೆ ಘಟ್ಟವಿರುವುದು ಮುಂದಕ್ಕೆ ಹೋಗಲು. ಬೈಕಿನವರಿಗೂ ನನ್ನದು ಇಷ್ಟೇ ಸಲಹೆ. ಆಗುಂಬೆಯ ಕಟ್ಟೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಗಾಡಿ ತಿರುಗಿಸಬೇಡಿ. ಬೆಳಕಿದ್ದಾಗಲೇ ಹೊರಟು ಎರಡನೇ ಗೇರಿನಲ್ಲಿ ಇಳಿದು ಹೆಬ್ರಿಗೆ ಹೋಗಿ, ಕುಚಲಕ್ಕಿ ಅನ್ನ, ಮೀನು ಸಾರು ಉಣ್ಣಿ. ಘಾಟಿ ನೋಡಿದೆ ಎಂದು ಆಮೇಲೆ ಹೇಳಿ.