ಕೃತಿಸ್ವಾಮ್ಯ ವಾಗ್ವಾದ

ಕೃತಿಸ್ವಾಮ್ಯ ವಾಗ್ವಾದ ಎಂದರೆ ಒಬ್ಬರು ಬರೆದದ್ದನ್ನು, ಹಾಡಿದ್ದನ್ನು, ಚಿತ್ರೀಕರಿಸಿದ್ದನ್ನು ನಕಲು ಮಾಡುವ ಹಕ್ಕು ಯಾರಿಗೆ, ಎಷ್ಟು ವರ್ಷ, ಯಾವ ಬೆಲೆಗೆ ಸಲ್ಲಬೇಕು ಎಂಬುದರ ಮೇಲೆ ಮುನ್ನೂರು ವರ್ಷಕ್ಕೂ ಮಿಕ್ಕಿ ನಡೆದಿರುವ ಚರ್ಚೆ. ನಕಲು ಮಾಡುವ ಹೊಸ ಯಂತ್ರವೊಂದು ಬಂದಾಗಲೆಲ್ಲ ಅದು ಮತ್ತೆ ಹೊತ್ತಿಕೊಂಡಿದೆ. ಅಚ್ಚಿನ ಮೊಳೆ, ಪಿಯಾನೊ ಸುರುಳಿ, ಕ್ಯಾಸೆಟ್, ಜೆರಾಕ್ಸ್, ಕಂಪ್ಯೂಟರ್ ಹೀಗೆ ಯಂತ್ರ ಬದಲಾದರೂ ವಾದದ ಪಟ್ಟುಗಳು ಹೆಚ್ಚು ಬದಲಾಗಿಲ್ಲ. ಎರಡೂ ಪಕ್ಷದವರು ಲೇಖಕನನ್ನು ಪಲ್ಲಕ್ಕಿಯಲ್ಲಿ ಕೂರಿಸಿಕೊಂಡೇ ಬರುತ್ತಾರೆ. ಮೊಕದ್ದಮೆಗಳ ದಾಖಲೆ ತಿರುವಿದರೆ ಕಾಣುವುದು ಮಾತ್ರ ಹೆಚ್ಚಾಗಿ ಪಲ್ಲಕ್ಕಿ ಹೊರುವವರ ಜಗಳ, ಹಳೆಯ ವ್ಯಾಪಾರಿಗೂ ಹೊಸ ವ್ಯಾಪಾರಿಗೂ ನಡುವಿನ ಜಗಳ.

ಅಚ್ಚಿಗೆ ಮೊದಲು

ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವುದು ತಪ್ಪಾಗಿರಲಿಲ್ಲ, ಪುಣ್ಯವಾಗಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದಳು, ದಾನಚಿಂತಾಮಣಿ ಎನಿಸಿಕೊಂಡಳು. ಒಂದೊಂದು ಪ್ರತಿಯೂ ಒಬ್ಬ ಲಿಪಿಕಾರನ ಎಷ್ಟೋ ದಿನಗಳ ಬೆವರು. ನಕಲಿನ ಬೆಲೆಯೇ ಅಷ್ಟಿರುವಾಗ ಅದರ ಮೇಲೆ ಮತ್ತೊಬ್ಬರು ಸುಂಕ ಹಾಕುವ ಯೋಚನೆಗೆ ಎಡೆಯಿರಲಿಲ್ಲ. ಕವಿಯ ಹೊಟ್ಟೆಪಾಡು ಆಶ್ರಯದಾತನ ಹೊಣೆ.

ಹಾಗೆಂದು ಕರ್ತೃತ್ವದ ಪ್ರಜ್ಞೆ ಇರಲಿಲ್ಲವೆಂದಲ್ಲ. ವಚನಕಾರರ ಅಂಕಿತ, ಹರಿದಾಸರ ಮುದ್ರಿಕೆ ಇದ್ದದ್ದೇ ಹೇಳಿದವರು ಯಾರೆಂದು ತಿಳಿಯಲು. ವಚನವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಿತ್ತು, ಹಾಡಬಹುದಿತ್ತು, ಅಂಕಿತ ಕೆಡಿಸಬಾರದಿತ್ತು. ಇಂದಿನ ಭಾರತೀಯ ಕಾಯ್ದೆಯೂ ಈ ಎರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ನಕಲಿನ ಹಕ್ಕನ್ನು ಮಾರಿಬಿಟ್ಟ ಲೇಖಕನಿಗೂ ತನ್ನ ಹೆಸರಿನ ಮೇಲಿನ ಹಕ್ಕು ಉಳಿಯುತ್ತದೆ ಎನ್ನುವುದು ಅದರ 57ನೆಯ ಕಲಮು.

ಲಂಡನ್ನಿನ ಪುಸ್ತಕ ವ್ಯಾಪಾರಿಗಳು

ಇಂಗ್ಲೆಂಡಿನಲ್ಲಿ 1557ರ ರಾಜಸನ್ನದಿನಿಂದ ಅಚ್ಚಿನ ಹತೋಟಿ ಸ್ಟೇಷನರ್ಸ್ ಕಂಪನಿ ಎಂಬ ವ್ಯಾಪಾರಿ ಸಂಘದ ಕೈಗೆ ಬಂತು. ದೊರೆಗೆ ಬೇಕಿದ್ದದ್ದು ರಾಜದ್ರೋಹದ ಬರಹಗಳ ಮೇಲೆ ಕಣ್ಣು. ಸಂಘಕ್ಕೆ ಬೇಕಿದ್ದದ್ದು ಏಕಸ್ವಾಮ್ಯ. 1695ರಲ್ಲಿ ಪರವಾನಗಿ ಕಾಯ್ದೆ ಕಾಲ ಮುಗಿದು ಬಿದ್ದುಹೋದಾಗ ಸಂಘ ಪಾರ್ಲಿಮೆಂಟಿನ ಬಾಗಿಲು ಬಡಿಯಿತು. ನಮ್ಮ ವ್ಯಾಪಾರ ಉಳಿಸಿ ಎಂಬ ಮೊರೆ ಫಲಿಸದೆ ಹೋದ ಮೇಲೆ ಲೇಖಕರ ಹಿತ ಎಂಬ ಹೊಸ ಮಾತು ಮುಂದೆ ಬಂತು. 1710ರ ಏಪ್ರಿಲ್‌ನಲ್ಲಿ ಜಾರಿಯಾದ ಆ್ಯನ್ ರಾಣಿಯ ಕಾಯ್ದೆ ಹುಟ್ಟಿದ್ದು ಹೀಗೆ. ಹೊಸ ಪುಸ್ತಕಕ್ಕೆ 14 ವರ್ಷದ ಹಕ್ಕು, ಅದು ಮುಗಿದಾಗ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಅಚ್ಚಾಗಿದ್ದ ಹಳೆಯ ಪುಸ್ತಕಗಳಿಗೆ 21 ವರ್ಷ. ಹಕ್ಕಿಗೆ ಒಂದು ಕೊನೆ ಇರಬೇಕೆಂದು ಪಾರ್ಲಿಮೆಂಟು ಬರೆದಿಟ್ಟದ್ದು ವ್ಯಾಪಾರಿಗಳು ಬಯಸಿದ್ದಲ್ಲ.

ಗಡುವು ಮುಗಿದ ಮೇಲೂ ಅವರು ಬಿಡಲಿಲ್ಲ. ಕಾಯ್ದೆ ಏನೇ ಹೇಳಲಿ, ರೂಢಿಯ ನ್ಯಾಯದಂತೆ ನಮ್ಮ ಹಕ್ಕು ಶಾಶ್ವತ ಎಂದು ವಾದಿಸಿದರು. ಜಗಳ ನಿಂತದ್ದು ಜೇಮ್ಸ್ ಥಾಮ್ಸನ್ ಎಂಬ ಕವಿಯ 'ದಿ ಸೀಸನ್ಸ್' ಕಾವ್ಯದ ಮೇಲೆ. 1769ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ರ ನ್ಯಾಯಪೀಠ ವ್ಯಾಪಾರಿಗಳ ಮಾತನ್ನೇ ಎತ್ತಿಹಿಡಿಯಿತು. ಎಡಿನ್‌ಬರೋದಿಂದ ಬಂದು ಲಂಡನ್ನಿನಲ್ಲೂ ಅಂಗಡಿ ತೆರೆದು, ಅಗ್ಗದ ಮರುಮುದ್ರಣ ಮಾರುತ್ತಿದ್ದ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಪಟ್ಟು ಬಿಡದೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದ. 1774ರ ಫೆಬ್ರುವರಿಯಲ್ಲಿ ಶಾಶ್ವತ ಹಕ್ಕಿನ ವಾದ ಅಲ್ಲಿ ಬಿದ್ದುಹೋಯಿತು. ಅಷ್ಟು ಹೊತ್ತಿಗೆ ಥಾಮ್ಸನ್ ತೀರಿಕೊಂಡು 25 ವರ್ಷ ಮೀರಿತ್ತು. ಕಾವ್ಯ ಬರೆದವನಿಗೆ ಗೆದ್ದವರಿಂದಲೂ ಸೋತವರಿಂದಲೂ ಬರಬೇಕಾದದ್ದು ಏನೂ ಇರಲಿಲ್ಲ.

ಲೆಕ್ಕದ ತಕರಾರು

ಈ ಚರ್ಚೆಗೆ ಅರ್ಥಶಾಸ್ತ್ರದ ಭಾಷೆ ಕೊಟ್ಟವರಲ್ಲಿ ಮೆಕಾಲೆಯ ಹೆಸರು ಮೊದಲು ಬರಬೇಕು. ಭಾರತದಲ್ಲಿ ಕಾನೂನು ರಚನೆಯ ಕೆಲಸ ಮುಗಿಸಿ ಹಿಂತಿರುಗಿದ್ದ ಆತ 1841ರಲ್ಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ, ಲೇಖಕ ಸತ್ತ ಮೇಲೆ 60 ವರ್ಷದವರೆಗೆ ಹಕ್ಕು ವಿಸ್ತರಿಸುವ ಮಸೂದೆಯನ್ನು ವಿರೋಧಿಸಿ ಮಾತಾಡಿದ. ಕೃತಿಸ್ವಾಮ್ಯವೆನ್ನುವುದು ಲೇಖಕನಿಗೆ ಕೊಡಲೆಂದು ಓದುಗನ ಮೇಲೆ ಹಾಕುವ ತೆರಿಗೆ. ತೆರಿಗೆ ಬೇಕು, ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚಿಗೆ ಬೇಡ ಎಂಬುದು ಅವನ ವಾದದ ಸಾರ. ಮಸೂದೆ ಸೋತಿತು. ನಮ್ಮ ಶಿಕ್ಷಣದ ವಿಷಯದಲ್ಲಿ ಮೆಕಾಲೆಯನ್ನು ಬೈಯುವವರು ಈ ಒಂದು ಭಾಷಣವನ್ನಾದರೂ ಬಿಡುವು ಮಾಡಿಕೊಂಡು ಓದಬೇಕು.

ತಕರಾರಿನ ಮೂಲ ಸರಳವಾಗಿದೆ. ಪುಸ್ತಕದ ಮೊದಲ ಪ್ರತಿಗೆ ವರ್ಷಗಟ್ಟಲೆ ಶ್ರಮ ಬೇಕು, ಎರಡನೆಯದಕ್ಕೆ ಕಾಗದ, ಮಸಿ ಸಾಕು. ಎರಡನೆಯದನ್ನು ಎಲ್ಲರೂ ಮಾಡಿಕೊಳ್ಳುವಂತಾದರೆ ಮೊದಲನೆಯದನ್ನು ಯಾರು ಬರೆಯುತ್ತಾರೆ ಎಂಬುದು ಒಂದು ಪಕ್ಷ. ಲಂಡನ್ನಿನ ಅರ್ಥಶಾಸ್ತ್ರಜ್ಞ ಆರ್ನಲ್ಡ್ ಪ್ಲಾಂಟ್ 1934ರಲ್ಲಿ ಇದನ್ನು ಪ್ರಶ್ನಿಸಿದ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬ್ರಿಟಿಷ್ ಲೇಖಕರಿಗೆ ಕಾನೂನಿನ ರಕ್ಷಣೆ 1891ರವರೆಗೆ ಇರಲಿಲ್ಲ. ಆದರೂ ಅಲ್ಲಿನ ಪ್ರಕಾಶಕರು ಎಲ್ಲರಿಗಿಂತ ಮೊದಲು ಮಾರುಕಟ್ಟೆಗೆ ಬರಲೆಂದೇ ಅಚ್ಚಿನ ಹಾಳೆಗಳಿಗಾಗಿ ಆ ಲೇಖಕರಿಗೆ ಹಣ ತೆರುತ್ತಿದ್ದರು. 1970ರಲ್ಲಿ ಸ್ಟೀಫನ್ ಬ್ರೇಯರ್ ಇದೇ ಅನುಮಾನವನ್ನು ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ಬೆಳೆಸಿದ. ಮುಂದೆ ಆತ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ.

1998ರಲ್ಲಿ ಅಮೆರಿಕ ಹಕ್ಕಿನ ಅವಧಿಗೆ ಇನ್ನೂ 20 ವರ್ಷ ಸೇರಿಸಿತು. ಅದನ್ನು ಪ್ರಶ್ನಿಸಿದ ಎಲ್ಡ್ರೆಡ್ ಮೊಕದ್ದಮೆಯಲ್ಲಿ 17 ಅರ್ಥಶಾಸ್ತ್ರಜ್ಞರು ನ್ಯಾಯಾಲಯಕ್ಕೆ ಒಂದು ಲೆಕ್ಕ ಕೊಟ್ಟರು. ಉಳಿದ ಎಷ್ಟೋ ವಿಷಯಗಳಲ್ಲಿ ಒಬ್ಬರಿಗೊಬ್ಬರು ಒಪ್ಪದ ಮಿಲ್ಟನ್ ಫ್ರೀಡ್‌ಮನ್, ಕೆನೆತ್ ಆ್ಯರೊ ಇಬ್ಬರೂ ಅದಕ್ಕೆ ಸಹಿ ಹಾಕಿದ್ದರು. ಲೆಕ್ಕ ನಮ್ಮ ರೂಪಾಯಿಯಲ್ಲೂ ಮಾಡಿ ನೋಡಬಹುದು. ಶೇಕಡಾ 7ರ ಬಡ್ಡಿ ಹಿಡಿದರೆ, 80 ವರ್ಷದ ನಂತರ ಕೈಸೇರುವ 100 ರೂಪಾಯಿಯ ಇಂದಿನ ಬೆಲೆ ಸುಮಾರು 45 ಪೈಸೆ. ಆ 45 ಪೈಸೆಯ ಆಸೆಗೆ ಯಾರೂ ಕಾದಂಬರಿ ಬರೆಯಲು ಕೂರುವುದಿಲ್ಲ. ನ್ಯಾಯಾಲಯ 2003ರಲ್ಲಿ 7-2ರ ಬಹುಮತದಿಂದ ವಿಸ್ತರಣೆಯನ್ನು ಎತ್ತಿಹಿಡಿಯಿತು. ಒಪ್ಪದ ಇಬ್ಬರಲ್ಲಿ ಬ್ರೇಯರ್ ಒಬ್ಬ.

ಹಾಡುವ ಯಂತ್ರಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮನೆಗಳಿಗೆ ತಾನೇ ನುಡಿಯುವ ಪಿಯಾನೊ ಬಂತು. ತೂತು ಹೊಡೆದ ಕಾಗದದ ಸುರುಳಿ ತೂರಿಸಿದರೆ ಬೆರಳಿಲ್ಲದೆ ರಾಗ ಹೊರಡುತ್ತಿತ್ತು. ವಾದ್ಯವೃಂದದ ನಾಯಕ ಜಾನ್ ಫಿಲಿಪ್ ಸೂಸ 1906ರಲ್ಲಿ ಯಂತ್ರಸಂಗೀತದ ಅಪಾಯವನ್ನು ಕುರಿತು ಲೇಖನ ಬರೆದು, ಮನೆಮಂದಿ ಹಾಡುವುದನ್ನೇ ಮರೆಯುತ್ತಾರೆಂದು ಎಚ್ಚರಿಸಿದ. 1908ರಲ್ಲಿ ಸುಪ್ರೀಂ ಕೋರ್ಟು, ಸುರುಳಿಯ ತೂತುಗಳನ್ನು ಮನುಷ್ಯನ ಕಣ್ಣು ಸಂಗೀತವೆಂದು ಓದಲಾರದು, ಆದ್ದರಿಂದ ಅದು ನಕಲಲ್ಲ ಎಂದಿತು. ಮರುವರ್ಷ ಕಾಂಗ್ರೆಸ್ಸು ಸಂಗೀತಗಾರರ ಪರ ಕಾಯ್ದೆ ಮಾಡಹೊರಟಾಗ ಇನ್ನೊಂದು ಸಂಗತಿ ಎದುರಾಯಿತು. ಯೋಲಿಯನ್ ಎಂಬ ಸುರುಳಿ ಕಂಪನಿ, ಕಾಯ್ದೆ ಬರುವ ಮೊದಲೇ, ದೊಡ್ಡ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡು ಕೂತಿತ್ತು! ಸಂಗೀತಗಾರನಿಗೆ ಕೊಟ್ಟ ಹಕ್ಕು ನೇರ ಅದರ ತಿಜೋರಿಗೆ ಹೋಗುವುದರಲ್ಲಿತ್ತು. ಅದಕ್ಕಾಗಿ ಕಂಡುಕೊಂಡ ಮಧ್ಯದ ದಾರಿ ಕಡ್ಡಾಯ ಪರವಾನಗಿ. ಒಬ್ಬರಿಗೆ ಮುದ್ರಿಸಲು ಬಿಟ್ಟರೆ ಉಳಿದವರೂ ಪ್ರತಿಗೆ 2 ಸೆಂಟ್ ಕೊಟ್ಟು ಮುದ್ರಿಸಬಹುದು. ಆ 2 ಸೆಂಟ್ 1977ರವರೆಗೂ ಹಾಗೇ ಉಳಿಯಿತು.

ಭಾರತದಲ್ಲಿ 1902ರಲ್ಲಿ ಗ್ರಾಮಾಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಅಂಕಿತ ಹಾಕಿದ ಹಾಗೆ. ಆಕೆ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಹಾಡುವವರಿಗೂ ತಮ್ಮ ಹಾಡಿನ ಮೇಲೆ ಒಂದು ಹಕ್ಕುಂಟೆಂದು ನಮ್ಮ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ.

ಕಡ್ಡಾಯ ಪರವಾನಗಿಯ ಮಾದರಿ 1957ರ ನಮ್ಮ ಕಾಯ್ದೆಗೂ ಬಂದಿತ್ತು. 1980ರ ದಶಕದಲ್ಲಿ ದೆಹಲಿಯ ಗುಲ್ಶನ್ ಕುಮಾರ್ ಅದನ್ನೇ ಏಣಿ ಮಾಡಿಕೊಂಡರು. ಹಳೆಯ ಚಿತ್ರಗೀತೆಗಳನ್ನು ಹೊಸ ದನಿಗಳಲ್ಲಿ ಮತ್ತೆ ಹಾಡಿಸಿ ಅಗ್ಗದ ಕ್ಯಾಸೆಟ್ಟಿನಲ್ಲಿ ಮಾರಿ, ಎಚ್‌ಎಂವಿಯ ಬಹುಕಾಲದ ಯಜಮಾನಿಕೆ ಅಲುಗಿಸಿದರು. ಮುಂದೆ ಅವರ ಟಿ-ಸೀರೀಸ್ ಸಂಸ್ಥೆಯೇ ತನ್ನ ಹಾಡುಗಳು ಮೈಸ್ಪೇಸ್ ಜಾಲತಾಣದಲ್ಲಿವೆ ಎಂದು ದೆಹಲಿ ಹೈಕೋರ್ಟಿಗೆ ಹೋಗಿ 2011ರಲ್ಲಿ ಗೆದ್ದು, 2016ರಲ್ಲಿ ವಿಭಾಗೀಯ ಪೀಠದ ಮುಂದೆ ಸೋತಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹಾಲಿವುಡ್ಡಿನ ಕತೆಯೂ ಬೇರೆಯಲ್ಲ. ಮನೆಯ ವಿಡಿಯೊ ಯಂತ್ರ ತಮ್ಮನ್ನು ಮುಗಿಸುತ್ತದೆಂದು ಸ್ಟುಡಿಯೊಗಳು ಸೋನಿಯ ಮೇಲೆ ಹೂಡಿದ ದಾವೆ 1984ರಲ್ಲಿ 5-4ರಿಂದ ಸೋತಿತು; ಆ ದಶಕ ಮುಗಿಯುವ ಮೊದಲೇ ವಿಡಿಯೊದ ವರಮಾನ ಚಿತ್ರಮಂದಿರದ ಗಳಿಕೆಯನ್ನು ಮೀರಿತ್ತು.

ಭಾರತದ ಕಾಯ್ದೆ, ಕನ್ನಡದ ಕೃತಿಗಳು

ಕಂಪನಿ ಸರ್ಕಾರ ಇಲ್ಲಿಗೆ ಕೃತಿಸ್ವಾಮ್ಯ ತಂದದ್ದು 1847ರಲ್ಲಿ. ಅದರಡಿ ಅನುವಾದಕ್ಕೆ ಅಡ್ಡಿಯಿರಲಿಲ್ಲ. ಇಂಗ್ಲಿಷ್ ಪುಸ್ತಕವನ್ನು ದೇಶಭಾಷೆಗೆ ತರುವುದು ನಕಲಲ್ಲ ಎಂದು 1895ರಲ್ಲಿ ಮುಂಬಯಿ ಹೈಕೋರ್ಟು ಹೇಳಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದದ್ದು ಈ ಕಾನೂನು ಇದ್ದ ದಿನಗಳಲ್ಲಿ. 1914ರ ಕಾಯ್ದೆ ಬ್ರಿಟಿಷ್ ಕಾನೂನನ್ನೇ ಹೇರಿದರೂ ಅನುವಾದಕ್ಕೆ ಮಾತ್ರ ರಿಯಾಯಿತಿ ಉಳಿಸಿತು. ಹತ್ತು ವರ್ಷದೊಳಗೆ ಲೇಖಕ ಒಂದು ಭಾಷೆಗೆ ಅನುವಾದ ಮಾಡಿಸದಿದ್ದರೆ, ಆಮೇಲೆ ಆ ಭಾಷೆಗೆ ಯಾರು ಬೇಕಾದರೂ ತರಬಹುದಿತ್ತು. 1957ರ ಕಾಯ್ದೆಯಲ್ಲಿ ಆ ರಿಯಾಯಿತಿ ಹೋಯಿತು. ಬೇರೆ ಭಾಷೆಗಳಿಂದ ತಂದುಕೊಂಡು ಬೆಳೆದ ನಮ್ಮಂಥ ಭಾಷೆಗೆ ಅದು ನಷ್ಟವೆಂದೇ ಹೇಳಬೇಕು.

1957ರ ಕಾಯ್ದೆ ಲೇಖಕನ ಮರಣಾನಂತರ 50 ವರ್ಷ ಹಕ್ಕು ಕೊಟ್ಟಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಆ ಹಕ್ಕು ಹೊಂದಿದ್ದ ವಿಶ್ವಭಾರತಿಯ ವರಮಾನ ತಪ್ಪುತ್ತದೆಂಬ ಕೂಗೆದ್ದು, ಡಿಸೆಂಬರಿನ ಕೊನೆಯ ದಿನಗಳಲ್ಲಿ ಸುಗ್ರೀವಾಜ್ಞೆ ಬಂತು. ಅವಧಿ 60 ವರ್ಷವಾಯಿತು. ಒಬ್ಬ ಕವಿಗಾಗಿ ಹೊಲಿದ ಅಂಗಿಯನ್ನು ದೇಶದ ಎಲ್ಲ ಲೇಖಕರಿಗೂ ತೊಡಿಸಿದಂತಾಯಿತು. ತಮಿಳರು ಬೇರೆ ದಾರಿ ಹಿಡಿದಿದ್ದರು. 1949ರಲ್ಲೇ ಮದ್ರಾಸ್ ಸರ್ಕಾರ ಸುಬ್ರಹ್ಮಣ್ಯ ಭಾರತಿಯ ಕೃತಿಗಳ ಹಕ್ಕನ್ನು ತಾನು ಪಡೆದು, ಮುಂದೆ ಜನಕ್ಕೆ ಬಿಟ್ಟುಕೊಟ್ಟಿತು.

ಕನ್ನಡದ ಹೆಸರಾಂತ ಮೊಕದ್ದಮೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯದು. ಕಾರಂತರು 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟು, 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿತು. ತಮ್ಮ ಅನುಮತಿಯಿಲ್ಲದೆ ಆಡಿಸಿದ್ದಾರೆಂದು ಮಾಲಿನಿ ಮಲ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅಭಿಮನ್ಯು ವ್ಯಾಸನವನು, ಯಕ್ಷಗಾನ ಕರಾವಳಿಯದು; ಇದರಲ್ಲಿ ಕಾರಂತರದ್ದು ಎಷ್ಟು ಎಂಬ ಪ್ರಶ್ನೆ ಎದ್ದದ್ದು ಸಹಜ. ರಾಗ, ವೇಷಭೂಷಣ, ನೃತ್ಯಗಳಲ್ಲಿ ಅವರು ಹೊಸದಾಗಿ ಕಟ್ಟಿದ್ದಕ್ಕೆ ಹಕ್ಕುಂಟೆಂದು ನ್ಯಾಯಾಲಯಗಳು ಒಪ್ಪಿದವು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹಕ್ಕನ್ನು ಮಾಲಿನಿ ಮಲ್ಯರಿಗೇ ಉಳಿಸಿ, ಕಾಯ್ದೆ ಬಿಟ್ಟುಕೊಟ್ಟಿರುವ ಶೈಕ್ಷಣಿಕ ಮತ್ತು ಲಾಭವಿಲ್ಲದ ಪ್ರದರ್ಶನಗಳಿಗೆ ತಡೆಯಾಜ್ಞೆ ಅನ್ವಯಿಸದೆಂದು ಸ್ಪಷ್ಟಪಡಿಸಿತು. ಇದುವರೆಗಿನ ಪಟ್ಟಿಯಲ್ಲಿ ಪಲ್ಲಕ್ಕಿಯೊಳಗಿನವರ ಮಾತು ನಿಜಕ್ಕೂ ಕೇಳಿಸಿದ್ದು ಇದೊಂದರಲ್ಲಿ, ಅದೂ ಉಯಿಲಿನ ಮೂಲಕ.

ಜೆರಾಕ್ಸ್ ಅಂಗಡಿಯಿಂದ ಮುಂದೆ

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹಾಕಿದರು. ಬೇರೆಬೇರೆ ಪುಸ್ತಕಗಳ ಅಧ್ಯಾಯಗಳನ್ನು ಜೋಡಿಸಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದದ್ದು ಅಂಗಡಿಯ ತಪ್ಪು. 2016ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು, ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕಲ್ಲ, ಪಾಠಕ್ಕಾಗಿ ಮಾಡುವ ಪ್ರತಿಯನ್ನು ಕಾಯ್ದೆಯೇ ಬಿಟ್ಟಿದೆ ಎಂದರು. ಮೇಲ್ಮನವಿಯಲ್ಲೂ ತತ್ವ ಉಳಿಯಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಕರ್ನಾಟಕ ಸರ್ಕಾರ ಮಾತ್ರ 2014ರಲ್ಲಿ ವಿರುದ್ಧ ದಿಕ್ಕಿಗೆ ನಡೆದು, ಡಿಜಿಟಲ್ ನಕಲುಗಾರರನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೆ ಸೇರಿಸಿತು. ಹಾಡು ಇಳಿಸಿಕೊಂಡವನೂ ಭೂಗಳ್ಳನೂ ಒಂದೇ ಕಾಯ್ದೆಯ ಶೀರ್ಷಿಕೆಯಡಿ ನಿಲ್ಲುವುದು ಅಳತೆ ತಪ್ಪಿದ ಕೆಲಸ.

ಅಂತರ್ಜಾಲದ ಕಾಲದ ವಾದ ಹೊಸದಲ್ಲ, ಗಾತ್ರ ದೊಡ್ಡದು. ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳಲು 1999ರಲ್ಲಿ ಬಂದ ನ್ಯಾಪ್‌ಸ್ಟರ್ ಎಂಬ ಜಾಲಸೇವೆ 2001ರಲ್ಲಿ ಮುಚ್ಚಿತು. ಪುಕ್ಕಟೆ ಹಂಚಿಕೆಯಿಂದ ಸಂಗೀತದ ಮಾರಾಟ ಎಷ್ಟು ಕುಗ್ಗಿತೆಂಬುದರ ಮೇಲೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತ ಮೂಡಲಿಲ್ಲ. 2024ರ ನವೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಬರಹಗಳನ್ನು ಭಾಷಾ ಯಂತ್ರದ ತರಬೇತಿಗೆ ಬಳಸಿದ್ದಾರೆಂದು ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಓದುವುದು ನಕಲೋ ಅಲ್ಲವೋ ಎಂಬುದು ಅಲ್ಲಿ ಎದ್ದಿರುವ ಪ್ರಶ್ನೆ. 1908ರಲ್ಲಿ ಪಿಯಾನೊ ಸುರುಳಿಯ ತೂತುಗಳ ಮುಂದೆ ನಿಂತ ನ್ಯಾಯಮೂರ್ತಿಗಳಿಗೆ ಎದುರಾದದ್ದೂ ಇದರ ನೆಂಟನೇ.

ಸದ್ಯದ ಕಾಯ್ದೆಯಂತೆ, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 2007ರ ಜನವರಿ 1ರಿಂದ ಎಲ್ಲರ ಸೊತ್ತು. ಬೇಂದ್ರೆಯವರು ಬದುಕಿದ್ದಾಗ ಪ್ರಕಟಿಸಿದ ಕವಿತೆಗಳು 2041ರ ಕೊನೆಗೆ, ಕುವೆಂಪು ಅವರವು 2054ರ ಕೊನೆಗೆ, ಕಾರಂತರವು 2057ರ ಡಿಸೆಂಬರ್ 31ಕ್ಕೆ ಹಕ್ಕಿನಿಂದ ಹೊರಬರುತ್ತವೆ.