ಸಂವೇದನೆ ಮತ್ತು ಸೂಚನೆ: ಸ್ವಲೀನ ಮಕ್ಕಳ ನೋವನ್ನು ಗುರುತಿಸುವ ಬಗೆ

ಸ್ವಲೀನತೆ, ಅಂದರೆ ಆಟಿಸಂ, ಇರುವ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರ ನೀಡಲು ಬಳಸುವ ಭಾರತೀಯ ಆಟಿಸಂ ಅಳತೆಪಟ್ಟಿಯ 40 ಅಂಶಗಳಲ್ಲಿ ನೋವಿಗೆ ಸ್ಪಂದಿಸದಿರುವುದೂ ಒಂದಾಗಿದ್ದು, ಅದಕ್ಕೆ 1ರಿಂದ 5ರವರೆಗೆ ಅಂಕ ಕೊಡಲಾಗುತ್ತದೆ. ಮಗು ಬಿದ್ದರೂ ಅಳಲಿಲ್ಲ, ಕಾದ ಹಂಚು ತಾಗಿದರೂ ಚೀರಲಿಲ್ಲ ಎಂಬ ಮನೆಯವರ ಮಾತು ಇಲ್ಲಿ ಬಹುಮಟ್ಟಿಗೆ ಆಧಾರವಾಗುತ್ತದೆ.

ಆದರೆ ಅಳು ಕಾಣದಿರುವುದಕ್ಕೂ ನೋವು ಇಲ್ಲದಿರುವುದಕ್ಕೂ ಅಂತರವಿದೆ. ಫ್ರಾನ್ಸಿನ ಸಿಲ್ವಿ ಟೋರ್ಜ್‌ಮನ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತ ತೆಗೆಯಲು ಸೂಜಿ ಚುಚ್ಚಿದಾಗ 73 ಸ್ವಲೀನ ಮಕ್ಕಳು ಮತ್ತು ಹದಿಹರೆಯದವರಲ್ಲಿ ಹೊರಗೆ ಕಾಣುವ ಪ್ರತಿಕ್ರಿಯೆ ಕಡಿಮೆಯಿದ್ದರೂ ಹೃದಯ ಬಡಿತ ಹೆಚ್ಚಿತ್ತು. ಒತ್ತಡದ ಹೊತ್ತಿನಲ್ಲಿ ದೇಹ ಸ್ರವಿಸುವ ಬೀಟಾ-ಎಂಡಾರ್ಫಿನ್ ಎಂಬ ರಾಸಾಯನಿಕದ ಮಟ್ಟವೂ ರಕ್ತದಲ್ಲಿ ಏರಿತ್ತು. ಎಲ್ಲ ಸ್ವಲೀನ ಮಕ್ಕಳೂ ಒಂದೇ ತೆರನಾಗಿ ನೋವು ಅನುಭವಿಸುತ್ತಾರೆಂದು ಇದರಿಂದ ಸಿದ್ಧವಾಗದಿದ್ದರೂ, ಮೌನವನ್ನು ಸಾಕ್ಷ್ಯವೆಂದು ಬಗೆಯುವ ರೂಢಿಗೆ ಇಲ್ಲಿ ಬಲವಾದ ಆಕ್ಷೇಪವಿದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ನೋವಿನ ವ್ಯಾಖ್ಯೆಯ ಟಿಪ್ಪಣಿಯೂ ಮಾತಿನಲ್ಲಿ ಹೇಳಲಾಗದವರ ನೋವನ್ನು ತಳ್ಳಿಹಾಕಲಾಗದೆಂದು ಸ್ಪಷ್ಟಪಡಿಸುತ್ತದೆ.

ನೋವು ಬೇರೆ ದಾರಿಯಲ್ಲಿ ಹೊರಬರುತ್ತದೆ: ಹಲ್ಲುನೋವಿದ್ದ ಮಗು ಎಂದಿನ ರೊಟ್ಟಿಯನ್ನು ಬದಿಗೆ ತಳ್ಳಿ ದವಡೆಗೆ ಗುದ್ದಿಕೊಳ್ಳಬಹುದು, ಕಿವಿ ಸೋರುವ ಮಗು ತಲೆಯನ್ನು ಗೋಡೆಗೆ ಬಡಿಯಬಹುದು, ಮಲಬದ್ಧತೆಯಿಂದ ಬಳಲುವ ಮಗು ರಾತ್ರಿಯಿಡೀ ನಿದ್ದೆಯಿಲ್ಲದೆ ಸುತ್ತಾಡಬಹುದು, ಇವನ್ನೆಲ್ಲ ಹಟವೆಂದೋ ಆಟಿಸಂನ ಲಕ್ಷಣವೆಂದೋ ಬದಿಗಿಟ್ಟರೆ ಮೂಲ ಕಾಯಿಲೆ ಉಳಿದೇಬಿಡುತ್ತದೆ. ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವಿಕೆ ಎಂಬ ಐದು ಅಂಶಗಳಿಗೆ ಅಂಕ ನೀಡಿ ನೋವನ್ನು ಅಳೆಯುವ ಪರಿಷ್ಕೃತ ಫ್ಲಾಕ್ ಮಾಪಕದಲ್ಲಿ ಆಯಾ ಮಗುವಿಗೇ ವಿಶಿಷ್ಟವಾದ ಇಂತಹ ವರ್ತನೆಗಳನ್ನು ಹೆತ್ತವರಿಂದ ಕೇಳಿ ಸೇರಿಸಿಕೊಳ್ಳಲು ಅವಕಾಶವಿದೆ.

ಆದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಬೋನಾಳದಂತಹ ಊರುಗಳಲ್ಲಿ ಹೀಗೆ ಹೆತ್ತವರನ್ನು ಕೇಳುವುದರಲ್ಲಿಯೇ ತೊಡಕಿದೆ. ಈ ಜಿಲ್ಲೆಯಿಂದ ಬೆಂಗಳೂರು, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಲ್ಲಿ ಮಗು ಅಜ್ಜಿಯ ಬಳಿ ಉಳಿದರೆ, ಅದರ ದಿನನಿತ್ಯದ ನಡವಳಿಕೆ ಅವಳಿಗಷ್ಟೇ ಗೊತ್ತಿರುತ್ತದೆ; ಆಸ್ಪತ್ರೆಗೆ ಕರೆತರುವವರು ಬೇರೆಯವರಾಗಿರುತ್ತಾರೆ. ಆದ್ದರಿಂದ ಆಶಾ ಕಾರ್ಯಕರ್ತೆ ಅಜ್ಜಿಯನ್ನು ಕೇಳಿ, ಮಗುವಿನ ಊಟ, ನಿದ್ದೆ, ಕೈಸನ್ನೆಗಳ ವಾಡಿಕೆಯನ್ನು ಚೀಟಿಯಲ್ಲಿ ಬರೆದು ಮಗುವಿನ ಜೊತೆ ಕಳಿಸುವುದು, ಅಳತೆಪಟ್ಟಿಯ ಆ ಒಂದು ಅಂಕಕ್ಕಿಂತ ವೈದ್ಯರಿಗೆ ಹೆಚ್ಚು ಉಪಯುಕ್ತ.